ಎಡಗೈ ಗಿಟಾರು

ಆಂಪ್ಲಿಫೈಯರಿನ ಪ್ಲಗ್ಗನ್ನು ವಾರಿಜಾ ಮೂರನೆಯ ಸಲ ಗೋಡೆಗೆ ಸಿಕ್ಕಿಸಿದಳು. ಮೂರನೆಯ ಸಲವೂ ಅವಳ ಭಾವ ವಿಷ್ಣುಮೂರ್ತಿ ಬಂದು ಅದನ್ನು ಕಿತ್ತರು.

"ಬೇಡಮ್ಮ," ಎಂದರು. "ಅವನಿನ್ನೂ ಇಲ್ಲೇ ಮಲಗಿದಾನೆ."

"ಅದಕ್ಕೇ ಭಾವ. ಅವರು ಇಲ್ಲಿರೋವಾಗ್ಲೇ ಆಗ್ಬೇಕು. ತಗೊಂಡು ಹೋದ್ಮೇಲೆ ಯಾರಿಗೆ ನುಡಿಸೋದು?"

ಪದ್ಮನಾಭನಗರದ ಆ ಸಣ್ಣ ಮನೆಯ ಹಾಲಿನಲ್ಲಿ ಅವಳ ಗಂಡ ಜಯಸಿಂಹ ದರ್ಭೆಯ ಮೇಲೆ ಮಲಗಿದ್ದ. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಅರವತ್ತಾರು ವರ್ಷದಲ್ಲಿ ನಲವತ್ತನ್ನು ರಾಕ್ ಗಿಟಾರಿಗೆ ಕೊಟ್ಟ ಮನುಷ್ಯ ನಿನ್ನೆ ಸಂಜೆ ಕಾಫಿ ಚೆನ್ನಾಗಿದೆ ಅಂದು ಲೋಟ ಕೆಳಗಿಟ್ಟವನು ಮತ್ತೆ ಮಾತಾಡಿರಲಿಲ್ಲ. ಮಕ್ಕಳಿಲ್ಲ. ಕರ್ಮ ಮಾಡಬೇಕಾಗಿದ್ದ ಭಾವನ ಮಗ ಕಿಟ್ಟಿ ಒದ್ದೆ ಪಂಚೆಯಲ್ಲಿ ಬಾಗಿಲ ಬಳಿ ನಡುಗುತ್ತ ನಿಂತಿದ್ದ. ಚಿತಾಗಾರಕ್ಕೆ ಹೋಗುವ ವ್ಯಾನು ಹನ್ನೊಂದಕ್ಕೆ ಬರುವುದಿತ್ತು. ಆಗಲೇ ಹತ್ತೂಕಾಲು.

"ನಾನು ಮಾತು ಕೊಟ್ಟಿದೀನಿ ಭಾವ," ಎಂದಳು ವಾರಿಜಾ. "ಒಂದೇ ಹಾಡು. 'ಕೋಣನಕುಂಟೆ ಕ್ರಾಸ್.' ಅದನ್ನ ನುಡಿಸದೆ ಅವರು ಯಾವತ್ತೂ ಸ್ಟೇಜ್ ಇಳಿದೋರಲ್ಲ. ಇಲ್ಲಿಂದಲೂ ಹಾಗೆ ಇಳಿಸ್ಬೇಡ ಅಂದಿದ್ರು."

"ಸಾವಿನ ಮನೇಲಿ ವಾದ್ಯ ನುಡಿಸೋದು ನಮ್ಮಲ್ಲಿ ಇಲ್ಲ. ನಿನಗೆ ಗೊತ್ತಿಲ್ವೇನಮ್ಮ?"

ಮಹಡಿಯ ಮೇಲೆ ಬಾಡಿಗೆಗಿದ್ದ ಶಂಕ್ರವ್ವ ಬೆಳಗಿನಿಂದ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ವಿಜಯಪುರದ ಕಡೆಯವಳು. ಅವಳು ಸೆರಗು ಸರಿಮಾಡಿಕೊಂಡು, "ನಮ್ಮ ಕಡಿ ರಾತ್ರಿ ಪೂರಾ ಭಜನಿ ಹಾಡತಾರ್ರಿ," ಎಂದಳು. "ಹಾಡಲಾರದ ಹ್ಯಾಂಗ ಕಳಸೂದ್ರಿ ಯಜಮಾನರ? ಮನಿ ಮಂದಿಗಿ ಬೈತಾರ್ರಿ ಊರಾಗ."

ವಿಷ್ಣುಮೂರ್ತಿ ಪುರೋಹಿತ ಬದರಿನಾಥರ ಮುಖ ನೋಡಿದರು. ಅವರು ದರ್ಭೆ ಕತ್ತರಿಸುತ್ತಲೇ, "ಗಿಟಾರ್ ಕೂಡದು ಅಂತ ಎಲ್ಲೂ ಬರೆದಿಲ್ಲ," ಎಂದರು. "ಬರೆಯೋ ಕಾಲಕ್ಕೆ ಗಿಟಾರೇ ಇರ್ಲಿಲ್ಲ ಬಿಡಿ. ಏನಾದ್ರೂ ಮಾಡ್ಕೊಳಿ, ವ್ಯಾನ್ ಬರೋ ಹೊತ್ತಿಗೆ ಮುಗಿದಿರ್ಲಿ."

ಭಾವ ಪ್ಲಗ್ಗನ್ನು ನೆಲಕ್ಕೆ ಬಿಟ್ಟು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ವಾರಿಜಾ ನಾಲ್ಕನೆಯ ಸಲ ಸಿಕ್ಕಿಸಿದಳು.

*

ಜಯಸಿಂಹ ಹುಟ್ಟಿನಿಂದ ಎಡಚ. ಜಯನಗರದ ಆ ಮಡಿವಂತರ ಮನೆಯಲ್ಲಿ ಅದು ಸಣ್ಣ ತಪ್ಪಲ್ಲ. ಆರು ವರ್ಷದ ಹುಡುಗ ಎಡಗೈಯಲ್ಲಿ ಅನ್ನ ಕಲಸಿದ್ದು ಕಂಡ ಅಪ್ಪ, ಊಟಕ್ಕೆ ಕೂತಾಗ, ಬರೆಯಲು ಕೂತಾಗ, ಆ ಕೈಯನ್ನು ಟವೆಲಿನಿಂದ ಮೈಗೆ ಬಿಗಿಸಬೇಕೆಂದು ಅಪ್ಪಣೆ ಕೊಟ್ಟರು. ಕಟ್ಟುವ ಕೆಲಸ ಹನ್ನೊಂದು ವರ್ಷದ ಅಣ್ಣ ವಿಷ್ಣುವಿನದು. ಗಂಟು ಸಡಿಲವಾದರೆ ಅಣ್ಣನಿಗೇ ಏಟು ಬೀಳುತ್ತಿತ್ತು. ಹಾಗಾಗಿ ಅವನು ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿಯುತ್ತಿದ್ದ. ಎರಡು ವರ್ಷದಲ್ಲಿ ತಮ್ಮ ಬಲಗೈಯಲ್ಲಿ ಉಂಡ, ಬರೆದ, ನಮಸ್ಕಾರ ಮಾಡಿದ. ಎಲ್ಲರೂ ಗೆದ್ದೆವು ಅಂದುಕೊಂಡರು.

ಕಾಲೇಜಿಗೆ ಹೋದಾಗ ಅವನು ಒಂದು ಹಳೆಯ ಗಿಟಾರು ತಂದ. ತಂತಿಗಳನ್ನೆಲ್ಲ ಬಿಚ್ಚಿ, ಮೇಲಿನದು ಕೆಳಗೆ ಕೆಳಗಿನದು ಮೇಲೆ ಮಾಡಿ, ಎಡಗೈಗೆ ಹೊಂದಿಸಿಕೊಂಡು ನುಡಿಸತೊಡಗಿದ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಅಪ್ಪ ಕೂಗಾಡಿದರು.

"ಊಟ ನಿಮ್ಮ ಕೈಲಿ ಮಾಡ್ತೀನಪ್ಪ," ಎಂದನಂತೆ ಮಗ. "ಇದೊಂದು ನನ್ನ ಕೈಲಿ."

ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಅವನು ನಗುನಗುತ್ತ ಹೇಳಿದ್ದ. ವಾರಿಜಾಗೆ ನಗು ಬಂದಿರಲಿಲ್ಲ.

ಅವನ ಬ್ಯಾಂಡಿನ ಹೆಸರು 'ಇಲೆವೆಂತ್ ಮೇನ್'. ಎಲ್ಲರೂ ಇಂಗ್ಲಿಷಿನಲ್ಲಿ ಅರಚುತ್ತಿದ್ದ ಕಾಲದಲ್ಲಿ ಇವನು ಕಡೆಯ ಬಸ್ಸು ತಪ್ಪಿಸಿಕೊಂಡವನೊಬ್ಬನ ಮೇಲೆ ಕನ್ನಡದಲ್ಲಿ 'ಕೋಣನಕುಂಟೆ ಕ್ರಾಸ್' ಕಟ್ಟಿದ. ಮೊದಲ ಸಲ ಹಾಡಿದಾಗ "ಇಳಿಯೋ ಕೆಳಗೆ" ಅಂದರು, ಚಪ್ಪಲಿಯೂ ಬಂತು. ಇವನು ಚಪ್ಪಲಿಯನ್ನು ಪಕ್ಕಕ್ಕಿಟ್ಟು ಹಾಡು ಮುಗಿಸಿದ. ಆಮೇಲಿನ ಪ್ರತಿ ಶೋನ ಕಡೆಯ ಹಾಡು ಅದೇ. ಜೊತೆಯವರು ಒಬ್ಬೊಬ್ಬರೇ ಬ್ಯಾಂಕು, ಇನ್ಶೂರೆನ್ಸು ಸೇರಿಕೊಂಡರು. ಇವನು ಗಣೇಶನ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ, ಹೋಟೆಲುಗಳಲ್ಲಿ ನುಡಿಸಿದ. ವಾರಿಜಾಳ ಮೇಷ್ಟರಗಿರಿಯಿಂದ ಮನೆ ನಡೆಯಿತು. ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ. ಬಿಟ್ಟುಬಿಡುತ್ತೇನೆ ಎಂಬ ಮಾತು ಮಾತ್ರ ಅವನ ಬಾಯಲ್ಲಿ ಒಂದು ದಿನವೂ ಬರಲಿಲ್ಲ.

*

ಹತ್ತೂವರೆಗೆ ಮೌನೇಶ ಬಂದ. ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ ಯಾದಗಿರಿಯ ಹುಡುಗ. ಆರು ವರ್ಷದಿಂದ ಜಯಸಿಂಹನ ಶಿಷ್ಯ. ರಾತ್ರಿಯೇ ಫೋನಿನಲ್ಲಿ, "ನಾ ನುಡಿಸ್ತೀನ್ರಿ ಮೇಡಂ, ನೀವು ಚಿಂತಿ ಮಾಡಬ್ಯಾಡ್ರಿ," ಎಂದಿದ್ದ. ಗುರುವಿನ ಕಾಲಿಗೆ ಹಣೆ ಹಚ್ಚಿ, ಕಣ್ಣೊರೆಸಿಕೊಂಡು, ಗಿಟಾರನ್ನು ಎತ್ತಿಕೊಂಡ. ಕೈ ಇಟ್ಟವನು ಹಾಗೇ ಕೂತುಬಿಟ್ಟ.

"ಏನಾಯ್ತೋ?" ಎಂದಳು ವಾರಿಜಾ.

"ಮೇಡಂ, ಇದು ಉಲ್ಟಾ ಐತ್ರಿ. ತಂತಿ ಎಲ್ಲಾ ತೆಳಗ-ಮ್ಯಾಲ ಅದಾವ."

"ನಿನಗೆ ಗೊತ್ತಿರ್ಲಿಲ್ವಾ?"

"ಸರ್ ಎಡಗೈಲೆ ನುಡಿಸ್ತಾರ ಅನ್ನೂದು ಗೊತ್ತಿತ್ರಿ. ಆದ್ರ ಎದುರಿಗಿ ಕೂತು ಕಲಿತೇನಲ್ರಿ, ಕನ್ನಡಿ ನೋಡಿದಂಗ ಇರತಿತ್ತು. ಅವರ ಗಿಟಾರ್ ಒಂದಿನಾನೂ ಮುಟ್ಟಿಲ್ರಿ. ಮುಟ್ಟಾಕ ಬಿಡತಿದ್ದಿಲ್ಲ." ಅವನು ಬಾಗಿಲ ಕಡೆ ನೋಡಿದ. "ನಂದು ರೂಮಿನ್ಯಾಗೈತಿ. ಹೋಗಿ ತರಬೇಕಂದ್ರ ತಾಸು ಮ್ಯಾಲಾಗ್ತದ್ರಿ."

ತಿರುಗಿಸಿ ಹಿಡಿದು ನೋಡಿದ. ಎಡಗೈಗೆ ತಿಳಿದದ್ದು ಬಲಗೈಗೆ ತಿಳಿಯಲಿಲ್ಲ. ಬೆರಳು ಒಂದು ಕಡೆ ಹೋದರೆ ನಾದ ಇನ್ನೊಂದು ಕಡೆ ಹೋಯಿತು. ಬಂದಿದ್ದ ನೆಂಟರಲ್ಲಿ ಯಾರೋ ಗಡಿಯಾರ ನೋಡಿದರು. ವಾರಿಜಾ ಕೊಟ್ಟ ಮಾತು ಕಣ್ಣೆದುರೇ ಮುರಿಯುತ್ತಿತ್ತು.

*

ಮೂರು ವರ್ಷದ ಹಿಂದೆ ಲಕ್ವ ಹೊಡೆದು ಜಯಸಿಂಹನ ಬಲಗೈ ಬಿದ್ದುಹೋಯಿತು. ಉಂಡ ಕೈ, ಬರೆದ ಕೈ, ತಂತಿ ಒತ್ತುತ್ತಿದ್ದ ಕೈ. ಮೀಟುವ ಎಡಗೈ ಗಟ್ಟಿಯಾಗಿಯೇ ಇತ್ತು. ಆಸ್ಪತ್ರೆಯಿಂದ ಬಂದ ವಾರಕ್ಕೆ ಅವನು ಗಿಟಾರನ್ನು ತೊಡೆಯ ಮೇಲೆ ಇರಿಸಿಕೊಂಡು, "ವಾರಿ, ಬಾ ಇಲ್ಲಿ," ಎಂದ. "ಬಲಗಡೆ ಕೂತ್ಕೊ. ನಾನು ಹೇಳಿದ ಕಡೆ ಒತ್ತು."

"ನಂಗೇನ್ರೀ ಬರುತ್ತೆ? ಚಪಾತಿ ಒತ್ತೋದು ಬರುತ್ತೆ."

"ಅಷ್ಟು ಬಂದ್ರೆ ಸಾಕು."

ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು, ಒಡೆದವು, ಗಟ್ಟಿಯಾದವು. ದಿನಾ ಸಂಜೆ ಅವಳು ಒತ್ತುವುದು, ಅವನು ಮೀಟುವುದು. ತಪ್ಪಾದರೆ ಬೈಯುತ್ತಿದ್ದ, ಅವಳೂ ತಿರುಗಿ ಬೈಯುತ್ತಿದ್ದಳು. ಮೂರು ವರ್ಷದಲ್ಲಿ ಅವಳು ಕಲಿತದ್ದು ಬೆರಳು ಒತ್ತುವ ನಾಲ್ಕೇ ಪಟ್ಟು, ನಾಲ್ಕೇ ಕಾರ್ಡು. 'ಕೋಣನಕುಂಟೆ ಕ್ರಾಸ್'ಗೆ ಬೇಕಾದದ್ದೂ ನಾಲ್ಕೇ.

*

"ಕೊಡು ಇಲ್ಲಿ," ಎಂದಳು ವಾರಿಜಾ.

ಚಾಪೆಯ ಮೇಲೆ ಗಂಡನ ಪಕ್ಕದಲ್ಲಿ ಕೂತಳು. ಗಿಟಾರಿನ ಹೊಟ್ಟೆಯನ್ನು ಎಡಕ್ಕೆ ನೆಲದ ಮೇಲೆ ನಿಲ್ಲಿಸಿ, ಕುತ್ತಿಗೆಯನ್ನು ತನ್ನ ಮುಂದಕ್ಕೆ ತಂದುಕೊಂಡಳು. ಬೆರಳುಗಳು ತಾವಾಗಿಯೇ ಜಾಗಕ್ಕೆ ಹೋದವು.

"ನಂಗೆ ಅರ್ಧ ಬರುತ್ತೆ ಮೌನೇಶ. ಇನ್ನರ್ಧ ನೀನು ಮೀಟು. ಎಡಗಡೆ ಕೂತ್ಕೊ."

ಮೌನೇಶ ಅವಳ ಎಡಕ್ಕೆ ಬಂದು ಕೂತ. ಅಷ್ಟರಲ್ಲಿ ಜಗಲಿಯಿಂದ ವಿಷ್ಣುಮೂರ್ತಿ ಒಳಗೆ ಬಂದರು. ನೇರವಾಗಿ ಪ್ಲಗ್ಗಿನ ಹತ್ತಿರ ಹೋದರು. ವಾರಿಜಾ ತಂತಿಗಳನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು.

"ಇನ್ನೊಂದು ಸಲ ಕಿತ್ರೆ ಇನ್ನೊಂದು ಸಲ ಹಾಕ್ತೀನಿ ಭಾವ," ಎಂದಳು. "ವ್ಯಾನ್ ಕಾಯ್ಲಿ."

ಅವರು ಬಗ್ಗಿ ಸ್ವಿಚ್ಚು ಹಾಕಿದರು. ಆಂಪ್ಲಿಫೈಯರು ಗುಂಯ್ ಎಂದಿತು.

"ನೀನು ಏಳಪ್ಪ," ಎಂದರು ಮೌನೇಶನಿಗೆ.

ಎಪ್ಪತ್ತೊಂದರ ಮಂಡಿ ಮಡಿಸಲು ಅವರಿಗೆ ಹೊತ್ತು ಹಿಡಿಯಿತು. ಕೂತು, ತಮ್ಮನ ಎಡಗೈಯನ್ನು ಒಂದು ಗಳಿಗೆ ನೋಡಿದರು. ಅದರ ಹೆಬ್ಬೆರಳು ಜಡ್ಡುಗಟ್ಟಿತ್ತು.

"ಹೇಗಮ್ಮ?"

"ಮೇಲಿಂದ ಕೆಳಕ್ಕೆ, ಭಾವ. ನಾಲ್ಕು ಸಲ. ನಾನು ತಲೆ ಆಡಿಸಿದಾಗ ಮತ್ತೆ ನಾಲ್ಕು."

ಅವರ ಬಲಗೈ ತಂತಿಯ ಕಡೆ ಹೊರಟಿತು. ಅರ್ಧಕ್ಕೇ ಹಿಂದಕ್ಕೆ ಎಳೆದುಕೊಂಡರು. ಹೆಗಲ ಮೇಲಿನ ಟವೆಲನ್ನು ತೆಗೆದು ಆ ಬಲಗೈಗೆ ಎರಡು ಸುತ್ತು ಸುತ್ತಿದರು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗಂಟು ಬಿಗಿಯುವ ತನಕ ಎಳೆದರು. ಆಮೇಲೆ ಅಭ್ಯಾಸವಿಲ್ಲದ ಎಡಗೈಯನ್ನು ಎತ್ತಿ ತಂತಿಗಳ ಮೇಲೆ ಹೊಡೆದರು.