ವಾಸಿಯಾದ ಕೈ

ಗಾಯ ವಾಸಿಯಾಗಿತ್ತು. ದುರ್ಗಮ್ಮನಿಗೆ ಬಂದ ಕಷ್ಟವೇ ಅದು.

ಕಳೆದ ವರ್ಷ ರುದ್ರಮೂರ್ತಿಯ ಶೆಡ್ಡಿನಲ್ಲಿ ತೆಂಗಿನಕಾಯಿ ಸುಲಿಯುವ ಮಿಷನ್ನು ಅವಳ ಬಲಗೈಯನ್ನು ಎಳೆದುಕೊಂಡಾಗ ಸಿಂಗಟಗೆರೆಯೆಲ್ಲ ಅಯ್ಯೋ ಎಂದಿತ್ತು. ರಕ್ತ ಕಂಡರೆ ನಂಬದವರಿಲ್ಲ. ಹೊಲಿಗೆ ಬಿಚ್ಚಿ, ಮಣಿಕಟ್ಟಿನ ಮೇಲೆ ಬಿಳಿ ಗೆರೆಯೊಂದೇ ಉಳಿದ ಮೇಲೆ, ಅಯ್ಯೋ ಎಂದಿದ್ದ ಬಾಯಿಗಳೇ ನಾಟಕ ಅನ್ನತೊಡಗಿದವು. ಸೆರಗು ತಾಗಿದರೆ ಕೆಂಡ ಇಟ್ಟ ಹಾಗಾಗುತ್ತದೆ, ಫ್ಯಾನಿನ ಗಾಳಿ ಬಡಿದರೆ ಮೊಣಕೈವರೆಗೆ ಕರೆಂಟು ಹೊಡೆಯುತ್ತದೆ ಎಂದರೆ ಯಾರು ಕೇಳುತ್ತಾರೆ? ಮಿಷನ್ನಿನಿಂದ ಬಿಡಿಸಿ ಕಾಯಿ ಆರಿಸುವ ಕಡೆ ಹಾಕಿ ಎಂದಷ್ಟೇ ಅವಳು ಬೇಡಿದ್ದು. “ಕೈ ನೆಟ್ಟಗೈತಲ್ಲಮ್ಮಾ, ಇನ್ನೇನ್ ನಿಂಗೆ?” ಎಂದು ರುದ್ರಮೂರ್ತಿ ಮತ್ತೆ ಮಿಷನ್ನಿಗೇ ನಿಲ್ಲಿಸಿದ್ದ. ಅವಳು ಎಡಗೈಯಲ್ಲಿ ಕಾಯಿ ಒಡ್ಡುತ್ತ, ಬಲಗೈಯನ್ನು ಯಾವುದಕ್ಕೂ ತಾಗದ ಹಾಗೆ ಎದೆಯ ಮುಂದೆ ಎತ್ತಿ ಹಿಡಿದು ನಿಲ್ಲುತ್ತಿದ್ದಳು.

ಆ ಕೈಗೆ ಬಳೆ ಹಾಕಲಾಗುತ್ತಿರಲಿಲ್ಲ. ಅದು ಇನ್ನೊಂದು ಪಾಡು.

ಅಕ್ಕ ಭಾಗಮ್ಮನ ಮಗಳು ಅನುಪಮಾ ತರೀಕೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಅವಳ ಸೀಮಂತ ತವರಿನಲ್ಲೇ ನಡೆಯಿತು. ಅಜ್ಜಂಪುರದಿಂದ ಬೀಗರು ಬಂದಿದ್ದರು. ಮುತ್ತೈದೆಯರು ಒಬ್ಬೊಬ್ಬರಾಗಿ ಎದ್ದು ಬಸುರಿಗೆ ಹಸಿರು ಬಳೆ ತೊಡಿಸುತ್ತಿದ್ದರು. ದುರ್ಗಮ್ಮ ಎದ್ದಳು.

“ನಿಲ್ಲೇ ದುರ್ಗಿ,” ಎಂದಳು ಮೀನಾಕ್ಷಮ್ಮ. ಶೆಡ್ಡಿನ ರುದ್ರಮೂರ್ತಿಯ ಹೆಂಡತಿ. “ಬೋಳುಗೈಲಿ ಬಸುರೀನ ಮುಟ್ತೀಯಾ? ಗಂಡ ಅಲ್ಲೇ ಎಲೆ ಅಡಿಕೆ ಹಾಕ್ಕಂಡು ಕುಂತವ್ನೆ, ನಿಂದ್ ನೋಡಿದ್ರೆ ಹಿಂಗೆ.”

“ಕೆಂಚಪ್ಪಣ್ಣಾ, ಇದೀಯೇನಪ್ಪಾ?” ಎಂದು ಯಾರೋ ಜಗಲಿಯ ಕಡೆ ಕೂಗಿದರು.

“ಇದೀನಿ ಕಣವ್ವಾ, ಊಟ ಆಗೋಗಂಟ ಎಲ್ಲೂ ಹೋಗಲ್ಲ,” ಎಂದ ದುರ್ಗಮ್ಮನ ಗಂಡ. ಹೆಂಗಸರು ಬಿದ್ದು ಬಿದ್ದು ನಕ್ಕರು.

ಭಾಗಮ್ಮ ತಂಗಿಯ ಕಿವಿಯ ಹತ್ತಿರ ಬಂದಳು. “ಒಂದೇ ಒಂದು ಹಾಕ್ಕಳೇ. ಆಮೇಲೆ ತೆಗ್ದಾಕು. ಬೀಗರ ಮುಂದೆ ನನ್ ಮಾನ ಕಳೀಬೇಡ.”

“ಆಗಲ್ಲ ಕಣಕ್ಕಾ.”

“ಏನ್ ಆಗಲ್ಲ? ಕೊಡಿಲ್ಲಿ,” ಎಂದವಳೇ ಮೀನಾಕ್ಷಮ್ಮ ಆ ಬಲಗೈ ಹಿಡಿದು ಬಳೆ ತೂರಿಸಿಬಿಟ್ಟಳು. ಗಾಜು ಮಣಿಕಟ್ಟಿನ ಗೆರೆಯ ಮೇಲೆ ಬಿತ್ತು. ದುರ್ಗಮ್ಮ ಕಿರುಚಿ ಕೈ ಒದರಿದ ರಭಸಕ್ಕೆ ಬಳೆ ಗೋಡೆಗೆ ಬಡಿದು ಚೂರಾಯಿತು.

“ಬಸುರಿ ಮುಂದೆ ಬಳೆ ಒಡ್ದಾಕ್ಬುಟ್ಲಲ್ಲೇ!”

ಅನುಪಮಾ ಮಣೆಯಿಂದ ಎದ್ದು ಚಿಕ್ಕಮ್ಮನ ಮುಂದೆ ಅಡ್ಡ ನಿಂತಳು. ಪಾಠ ಮಾಡಿ ಅಭ್ಯಾಸವಾದ ದನಿ.

“ಸುಮ್ನಿರಿ ಎಲ್ರೂ. ಚಿಕ್ಕಮ್ಮನ ನೋವು ಸುಳ್ಳಲ್ಲ. ಕೈಯಲ್ಲಿ ನರಕ್ಕೆ ಏಟು ಬಿದ್ರೆ ಸುದ್ದಿ ಬೆನ್ನುಹುರಿಗೆ ಹೋಗುತ್ತೆ, ಅಲ್ಲಿಂದ ಮೆದುಳಿಗೆ. ಅಲ್ಲಿ ನರಕೋಶಗಳನ್ನ ನೋಡ್ಕೊಳ್ಳೋ ಬೇರೆ ಕೋಶಗಳಿದಾವೆ, ಗ್ಲಿಯಾ ಅಂತಾರೆ. ಉಣ್ಸೋದು, ಕಸ ತೆಗೆಯೋದು, ಕಾವಲು ಕಾಯೋದು ಅವುಗಳ ಕೆಲಸ. ಏಟು ಬಿದ್ದಾಗ ಕಾವಲಿನವು ಊದ್ಕೊಂಡು, ರೂಪ ಬದಲಾಯ್ಸಿ, ನರಗಳನ್ನ ಎಚ್ಚರಿಸೋ ರಾಸಾಯನಿಕ ಸುರೀತವೆ. ಅದು ಒಳ್ಳೇದಕ್ಕೇ. ಆದ್ರೆ ಕೆಲವರಲ್ಲಿ ಗಾಯ ಮಾಯ್ದ ಮೇಲೂ ಅವು ಸುಮ್ಮನಾಗಲ್ಲ. ಬೀದೀಲಿ ಒಂದ್ಸಲ ಕಳ್ಳತನ ಆದ್ರೆ ಆಮೇಲೆ ಹಾಲಿನವ್ನು ಬಂದ್ರೂ ದೊಣ್ಣೆ ಎತ್ತಲ್ವಾ? ಹಂಗೆ. ಬಳೆ ತಾಗಿದ್ರೂ ಮಿಷನ್ನೇ ಕಚ್ತು ಅಂತ ನರ ಕೂಗುತ್ತೆ.”

ದುರ್ಗಮ್ಮ ಬಾಯಿಬಿಟ್ಟುಕೊಂಡು ಕೇಳಿದಳು. ವರ್ಷದಿಂದ ಅವಳು ಹೇಳಲಾಗದೆ ಒದ್ದಾಡಿದ್ದಕ್ಕೆ ಒಂದು ಕಾರಣವಿತ್ತು. ಕಣ್ಣು ತುಂಬಿತು.

ಮೀನಾಕ್ಷಮ್ಮ ತಲೆ ಅಲ್ಲಾಡಿಸಿದಳು. “ಅಂದ್ರೆ ಕೈಯಲ್ಲೇನೂ ಇಲ್ಲ ಅಂತಾಯ್ತು. ಇರೋದೆಲ್ಲ ತಲೇಲಿ.”

“ಹಂಗಲ್ಲ ಆಂಟಿ, ಶುರುವಾಗಿದ್ದು ಕೈಯಿಂದ್ಲೇ, ನಿಮ್ಮ ಮಿಷನ್ನಿಂದ...”

“ಓದಿರೋಳು ನೀನೇ ಹೇಳ್ದಲ್ಲಮ್ಮಾ, ಮೆದುಳಲ್ಲಿ ಅಂತ. ನಾವೇನ್ ಹುಟ್ಟಿಸ್ಕೊಂಡ್ ಹೇಳಿದ್ವಾ?”

ಊಟದ ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ಮಾತು ಆ ತುದಿ ಮುಟ್ಟಿತ್ತು: ದುರ್ಗಮ್ಮನ ಮೆದುಳಿಗೆ ಹುಳ ಬಿದ್ದವಂತೆ. “ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು,” ಎಂದ ಕೆಂಚಪ್ಪ, ಎಲೆ ಮಡಚುತ್ತ.

ದುಡಿಯುವ ಹೆಂಗಸಿನ ನೋವಿಗೆ ಕಾರಣ ಸಿಗದಿದ್ದರೆ ಅದು ನಾಟಕ. ಕಾರಣ ಸಿಕ್ಕರೆ ಹುಚ್ಚು. ಮೂರನೆಯ ದಾರಿಯನ್ನು ಊರು ಇಟ್ಟಿಲ್ಲ.

ಸೋಮವಾರ ದುರ್ಗಮ್ಮ ಶೆಡ್ಡಿಗೆ ಹೋಗುವಾಗ ಅನುಪಮಾ ಜೊತೆಗೆ ಹೊರಟಳು. ಬೇಡವೆಂದರೂ ಕೇಳಲಿಲ್ಲ.

“ನನ್ನಿಂದ್ಲೇ ಹಿಂಗಾಯ್ತು ಚಿಕ್ಕಮ್ಮ.”

“ನೀನು ನಿಜಾನೇ ಹೇಳ್ದೆ ಬಿಡು. ಅವು, ಆ ಕಾವಲಿನವು, ಎಂದಾದ್ರೂ ಮಲಗ್ತವಾ?”

ಅನುಪಮಾ ಚಿಕ್ಕಮ್ಮನ ಎಡಗೈ ಹಿಡಿದುಕೊಂಡಳು. “ಕೆಲವ್ರಿಗೆ ಮಲಗ್ತವೆ. ಕೆಲವ್ರಿಗೆ ಇಲ್ಲ. ಮಾತ್ರೆ ಇದಾವೆ, ಎಲ್ರಿಗೂ ಕೆಲಸ ಮಾಡಲ್ಲ. ನಿಂಗೆ ಹೆಂಗೋ, ನಂಗೊತ್ತಿಲ್ಲ.”

ಶೆಡ್ಡಿನ ಮುಂದೆ ಕಡೂರಿಗೆ ಹೋಗುವ ಲಾರಿ ನಿಂತಿತ್ತು. ರುದ್ರಮೂರ್ತಿ ದುರ್ಗಮ್ಮನನ್ನು ಬಾಗಿಲಲ್ಲೇ ತಡೆದ.

“ನೀನ್ ಮನೇಲಿರಮ್ಮಾ. ತಲೆ ಸರಿ ಇಲ್ದೋರ್ನ ಮಿಷನ್ ಹತ್ರ ಬಿಡಕ್ಕಾಗಲ್ಲ. ನಾಳೆ ಏನಾದ್ರೂ ಆದ್ರೆ ನನ್ ತಲೆಗೆ ಬರುತ್ತೆ.”

“ಸಾರ್, ತಲೆ ಸರಿ ಇಲ್ಲ ಅಂತ ನಾನು ಹೇಳ್ಲಿಲ್ಲ,” ಎಂದಳು ಅನುಪಮಾ. “ನರ ಜಜ್ಜಿದ್ದಕ್ಕೆ...”

“ನೀವು ಬಸುರಿ, ಧೂಳಲ್ಲಿ ನಿಲ್ಬೇಡಿ ಮೇಡಂ,” ಎಂದು ಅವನು ನಯವಾಗಿ ಹೇಳಿದ.

ಒಳಗೆ ಹೆಂಗಸರು ಕೆಲಸ ನಿಲ್ಲಿಸದೆ ಕಿವಿ ಮಾತ್ರ ಇತ್ತ ಇಟ್ಟಿದ್ದರು. ದುರ್ಗಮ್ಮ ಅವನನ್ನು ದಾಟಿ ಒಳಗೆ ನಡೆದಳು.

“ಯಜಮಾನ್ರೇ, ಕೈ ನೆಟ್ಟಗೈತೆ, ದುಡಿ ಅಂದ್ರಿ. ದುಡಿದೆ. ಈಗ ತಲೆ ಕೆಟ್ಟೈತೆ, ಹೋಗು ಅಂತೀರಿ. ಒಂದ್ಸಲ ಕೈ, ಒಂದ್ಸಲ ತಲೆ. ನಿಮ್ ಮಿಷನ್ ಮಾತ್ರ ಯಾವಾಗ್ಲೂ ನೆಟ್ಟಗಿರುತ್ತೆ, ಅಲ್ವಾ?”

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

“ರೋಲರ್ ಮೇಲಿದ್ದ ತಗಡಿನ ಮುಚ್ಚಳ ಬಿಚ್ಸಿದ್ ಯಾರು? ಕಾಯಿ ಬೇಗ ಬೇಗ ಹೋಗ್ಲಿ ಅಂತ ಬಿಚ್ಸಿದ್ದು ನಮ್ ಮೆದುಳಾ?” ಅವಳು ಹೆಂಗಸರ ಕಡೆ ತಿರುಗಿದಳು. “ನಂದ್ ಹೋಯ್ತು ಕಣ್ರೇ. ನಂದು ವಾಸಿಯಾಗಲ್ವೇನೋ. ನಿಮ್ ಕೈ ನೋಡ್ಕಳಿ.”

ಮಿಷನ್ನಿಗೆ ನಿಂತಿದ್ದ ಪ್ರಿಯಾಂಕಾ, ಹೋದ ವರ್ಷವಷ್ಟೇ ಮದುವೆಯಾಗಿ ಬಂದವಳು, ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. ಹೋಗಿ ಸ್ವಿಚ್ ಆರಿಸಿದಳು.

“ಏಯ್, ಯಾರ್ ಹೇಳಿದ್ರು ನಿಂಗೆ?” ರುದ್ರಮೂರ್ತಿ ತಾನೇ ಹೋಗಿ ಸ್ವಿಚ್ ಒತ್ತಿದ. ಮುಳ್ಳಿನ ರೋಲರುಗಳು ಗರಗರ ಎಂದವು. ಪ್ರಿಯಾಂಕಾ ಕಾಯಿ ಎತ್ತಿಕೊಳ್ಳಲು ಬಗ್ಗಲಿಲ್ಲ. ಅವಳ ಹಿಂದಿನವಳೂ ಬಗ್ಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಎಷ್ಟು ಹೊತ್ತು ನಿಲ್ಲುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ.

ತಿರುಗುವ ಮಿಷನ್ನಿನ ಗಾಳಿ ಬಡಿದು ದುರ್ಗಮ್ಮನ ಕೈ ಉರಿಯತೊಡಗಿತು. ಅವಳು ಹಲ್ಲು ಕಚ್ಚಿ ಅಲ್ಲೇ ನಿಂತಳು.