ಮಾಸ್ತರ ಹೆಸರಿನ ಚಿತ್ರಗಳು

೧೯೭೭ರಲ್ಲಿ ಬಾದಾಮಿಯ ಡ್ರಾಯಿಂಗ್ ಮಾಸ್ತರ ಶಂಕ್ರಪ್ಪ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಎಲುಬು ಕೂಡಿತು, ಬೆರಳುಗಳಿಗೆ ಮಾತ್ರ ಬಿಗಿ ಬರಲಿಲ್ಲ. ಚಹದ ಕಪ್ಪು ಹಿಡಿಯಬಹುದಿತ್ತು. ಬ್ರಶ್ ಹಿಡಿದರೆ ಗೆರೆ ನಡುಗುತ್ತಿತ್ತು. ಸಾಲೆಯಲ್ಲಿ ಇದನ್ನು ಯಾರಿಗೂ ಹೇಳಲಿಲ್ಲ. ಮೇಜಿನ ಮೇಲೊಂದು ತಂಬಿಗೆ ಇಟ್ಟು "ಇದನ್ನ ನೋಡಿ ತಗೀರಿ" ಎಂದು ಹುಡುಗರಿಗೆ ಹೇಳಿ, ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ನಡುವೆ ಅಡ್ಡಾಡುತ್ತಿದ್ದರು.

ಬಾಗಲಕೋಟೆಯಲ್ಲಿ ಛಾಪಖಾನೆ ಇಟ್ಟಿದ್ದ ಈರಪ್ಪ ಅದಕ್ಕೂ ಮೊದಲೇ ಅವರಿಗೊಂದು ಕೆಲಸ ಒಪ್ಪಿಸಿದ್ದ. ಮಕ್ಕಳಿಗಾಗಿ ದೇಶದೇಶಗಳ ಜನಪದ ಕಥೆಗಳು. ಆರು ಪುಸ್ತಕ, ಪುಟಪುಟಕ್ಕೂ ಬಣ್ಣದ ಚಿತ್ರ. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಶಂಕ್ರಪ್ಪನವರನ್ನು ಹೊಗಳಿಯೂ ಆಗಿತ್ತು. ಈಗ ಆಗುವುದಿಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಹೆಂಡತಿ ನೀಲಾಬಾಯಿ ಕಸೂತಿಯಲ್ಲಿ ಗಟ್ಟಿಗಿತ್ತಿ. ಗಂಡನ ಚಿತ್ರಗಳಿಗೆ ಬಣ್ಣ ತುಂಬಿಯೂ ರೂಢಿಯಿತ್ತು.

"ಒಂದ ಪುಸ್ತಕ ಅಷ್ಟ ನೀ ತಗಿ. ನನ್ನ ಕೈ ಸುಧಾರಿಸೋತನಕ," ಎಂದರು ಶಂಕ್ರಪ್ಪ.

ಮೊದಲ ಪುಸ್ತಕದ ಕೆಲಸ ಅವಳಿಗೆ ಹಬ್ಬದಂತಿತ್ತು. ಮಳೆಯನ್ನು ಡೋಲಿನೊಳಗೆ ಬಚ್ಚಿಟ್ಟ ಆಫ್ರಿಕಾದ ಆಮೆಯ ಕಥೆ ಅದು. ಆಮೆ ಅಡಗುವ ಬಂಡೆಗೆ ಮನೆಯ ಹಿಂದಿನ ಗುಡ್ಡದ ಕೆಂಪನ್ನೇ ಬಳಿದಳು. ಎರಡನೆಯದು ರಶಿಯಾದ ಕಥೆ, ಅದರಲ್ಲಿ ನೆಲ ಮುಚ್ಚಿದ ಮಂಜು ಬಂತು.

"ಮಂಜ ಬಿದ್ದ ನೆಲ ಹೆಂಗಿರತೈತ್ರಿ?"

"ನಾನೂ ನೋಡಿಲ್ಲ. ಒಡದ ಹತ್ತಿ ಹೊಲ ನೆನಸ್ಕೋ."

ಅವಳು ಹತ್ತಿ ಹೊಲ ನೆನೆದು ರಶಿಯಾದ ಕಾಡನ್ನು ಬರೆದಳು. ಪುಸ್ತಕಗಳು ಬಂದವು, ಸಾಲೆಸಾಲೆಗೆ ಹೋದವು. ರಕ್ಷಾಪುಟದ ಮೇಲೆ 'ಚಿತ್ರಗಳು: ಶಂಕ್ರಪ್ಪ' ಎಂದಿತ್ತು. ಕೈ ಸುಧಾರಿಸಲಿಲ್ಲ. ಮೂರನೆಯದು, ನಾಲ್ಕನೆಯದು ಎಂದು ಕೆಲಸ ಬೆಳೆಯಿತು.

ಒಂದು ದಿನ ನೆರೆಮನೆಯ ದಸ್ತಗೀರಬಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು, "ಬೆರಳಿಗೆ ಇದೇನ ನೀಲವ್ವಾ, ಹಸರ ಬಣ್ಣ?" ಎಂದಳು. ಸಂಜೆ ಇದನ್ನು ಕೇಳಿ, ಗುಟ್ಟು ಬಯಲಾದೀತೆಂದು ಶಂಕ್ರಪ್ಪ ಹೆದರಿದರು. ಮರುದಿನ ಸಾಲೆಗೆ ಹೊರಟಾಗ ಅವಳನ್ನು ಒಳಗೇ ಬಿಟ್ಟು ಹೊರಗಿನಿಂದ ಕೀಲಿ ಹಾಕಿದರು. ಹೆಂಡತಿ ಕೆರೂರಿನ ತವರಿಗೆ ಹೋಗಿದ್ದಾಳೆಂದು ಓಣಿಗೆಲ್ಲ ಹೇಳಿದರು.

ಐದನೆಯ ಪುಸ್ತಕ ಮುಗಿಯುವವರೆಗೆ ಅವಳು ಹೊರಗೆ ಕಾಣಿಸುವಂತಿರಲಿಲ್ಲ. ನೀರನ್ನು ಗಂಡನೇ ತರುತ್ತಿದ್ದರು. ಹಗಲಿಡೀ ಪಾತ್ರೆ ಸಪ್ಪಳ ಮಾಡುವಂತಿಲ್ಲ, ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳಬೇಕು. ಹೊರಗೆ ಹೆಣ್ಣುಮಕ್ಕಳು ಮಾತಾಡಿ ನಗುವುದು ಕೇಳುತ್ತಿತ್ತು. ಅವಳು ಸಮುದ್ರ ಬರೆಯುತ್ತಿದ್ದಳು, ಹಡಗು ಬರೆಯುತ್ತಿದ್ದಳು. ಹದಿನೈದು ದಿನದಲ್ಲಿ ಗಂಡನನ್ನು ಬಿಟ್ಟು ಇನ್ನೊಂದು ಮುಖ ನೋಡಿರಲಿಲ್ಲ.

ಹದಿನಾರನೆಯ ದಿನ ಮಧ್ಯಾಹ್ನ ಯಾರೋ ಬಾಗಿಲ ಕೀಲಿ ಅಲ್ಲಾಡಿಸಿದರು.

"ಅಕ್ಕಾ!" ಎಂಬ ದನಿ ಬಂತು. ತಮ್ಮ ಅಮಾತೆಪ್ಪ.

"ನಿಮ್ಮಕ್ಕ ಕೆರೂರಿಗೆ ಹೋಗ್ಯಾಳಲ್ಲಪಾ, ಹದಿನೈದ ದಿನ ಆತು," ಎಂದಳು ದಸ್ತಗೀರಬಿ.

"ನಾ ಕೆರೂರಿಂದನ ಬಂದೇನ್ರಿ. ಅಲ್ಲಿ ಬಂದಿಲ್ಲಕಿ."

ಒಳಗೆ ನೀಲಾಬಾಯಿ ಬ್ರಶ್ ಹಿಡಿದುಕೊಂಡೇ ಕೂತಿದ್ದಳು. ಮಾತಾಡಿದರೆ ಗಂಡನ ಮಾನ ಹೋಗುತ್ತದೆ. ತಮ್ಮ ಈಗ ಹೊರಟು ಹೋಗುತ್ತಾನೆ, ಸಂಜೆ ಅವರಿಗೆ ಹೇಳಿದರಾಯಿತು ಎಂದುಕೊಂಡಳು.

ಅಮಾತೆಪ್ಪ ಕಟ್ಟೆಯ ಮೇಲೆ ಕೂತ ಸಪ್ಪಳವಾಯಿತು. "ಅವ್ವಗ ಜಡ್ಡ ಭಾಳ ಆಗೇತ್ರಿ. ಒಂದ ಸವನ ಅಕ್ಕನ ಹೆಸರ ತಗೀತಾಳ. ಇನ್ನ ಎಲ್ಲಿ ಹುಡಕ್ಲಿ ನಾ?"

ನೀಲಾಬಾಯಿ ಬಾಗಿಲಿಗೆ ಬಂದಳು.

"ತಮ್ಮಾ, ನಾ ಇಲ್ಲೇ ಅದೇನಿ. ಕೀಲಿ ಒಡಿ."

ಅವನು ಕಲ್ಲು ತಂದು ಕೀಲಿ ಒಡೆದ. ಹಾಸಿದ ಹಾಳೆಗಳನ್ನೂ ಬಣ್ಣದ ಬಟ್ಟಲುಗಳನ್ನೂ ದಸ್ತಗೀರಬಿ ಹೊಸ್ತಿಲಲ್ಲೇ ನಿಂತು ನೋಡಿದಳು. "ನಡಿ, ಬಸ್ಸಿಗೆ ಹೊತ್ತಾಗತೈತಿ," ಎಂದು ನೀಲಾಬಾಯಿಯ ಸೆರಗು ಸರಿಮಾಡಿ ಕಳಿಸಿದಳು.

ತಾಯಿ ಮತ್ತೆ ಎಂಟು ದಿನ ಇದ್ದು, ಮಗಳ ಕೈ ಹಿಡಿದುಕೊಂಡೇ ತೀರಿಹೋದಳು.

ಕಾರ್ಯ ಮುಗಿದ ಮೇಲೆ ಶಂಕ್ರಪ್ಪ ಕೆರೂರಿನಲ್ಲಿ ಹೆಂಡತಿಯೆದುರು ಕೂತರು. ಎಡಗೈಯಿಂದ ಬಲಗೈ ಬೆರಳುಗಳನ್ನು ತಿಕ್ಕುತ್ತಿದ್ದರು.

"ಐದನೇದರಾಗ ನಾಕ ಚಿತ್ರ ಉಳದಾವ. ಈರಪ್ಪ ಎರಡ ಸಲ ಬಂದಿದ್ದ. ಆರನೇದೂ ಆಗಬೇಕಂತ."

"ನಿಮ್ಮ ಹೆಸರಿನ ಜೋಡಿ ನನ್ನ ಹೆಸರ ಹಾಕಸ್ತೀರೇನ್ರಿ?"

"ಹಾಕಿಸಿದ್ರ ನನ್ನ ಕೈಲೆ ಏನೂ ಆಗಂಗಿಲ್ಲಂತ ಸಾಲ್ಯಾಗ ಗೊತ್ತಾಗತೈತಿ. ಡ್ರಾಯಿಂಗ್ ಮಾಸ್ತರಗ ಕೈ ಇಲ್ಲಂದ್ರ ನೌಕರಿ ಎಲ್ಲೀದು? ನಿನ್ನ ಕೂಡಿ ಹಾಕಿದ್ದು ತಪ್ಪಾತು. ಆದ್ರ ಹೊರಗ ಬರಾಕ ನನಗೂ ದಾರಿ ಕಾಣವಲ್ದು."

ಅವಳಿಗೆ ಸಿಟ್ಟೂ ಬಂತು, ಕನಿಕರವೂ ಬಂತು.

"ಬಾಗಲಾ ತಗದಿಟ್ಟು ಚಿತ್ರ ತಗೀತೇನಿ," ಎಂದಳು. "ಯಾರರ ನೋಡ್ಲಿ, ಏನರ ಕೇಳ್ಲಿ, ನಾ ಸುಳ್ಳ ಹೇಳಂಗಿಲ್ಲ. ಅದಕ್ಕ ಒಪ್ಪಿದ್ರ ಬರ್ತೇನಿ."

ಅವರು ಹೂಂ ಎಂದು ತಲೆಯಾಡಿಸಿದರು.

ನೀಲಾಬಾಯಿ ಮರಳಿ ಬಂದು ಪಡಸಾಲೆಯಲ್ಲೇ ಹಾಳೆ ಹಾಸಿದಳು. ದಸ್ತಗೀರಬಿ ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂರುತ್ತಿದ್ದಳು, ಓಣಿಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಆರನೆಯ ಪುಸ್ತಕವೂ ಶಂಕ್ರಪ್ಪನವರ ಹೆಸರಿನಲ್ಲೇ ಬಂತು.

ಒಂದು ರವಿವಾರ ದಸ್ತಗೀರಬಿಯ ಮೊಮ್ಮಗಳು ಅಲೀಮಾ ಸಾಲೆಯಿಂದ ತಂದ ಪುಸ್ತಕ ಬಿಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಹಡಗಿನ ಮೇಲೆ ಕರಡಿ ಕುಣಿಯುವ ಚಿತ್ರ.

"ಇದನ್ನ ನಾ ತಗದೇನಿ," ಎಂದಳು ನೀಲಾಬಾಯಿ. ಯಾರೂ ಕೇಳದೆಯೇ ಹೇಳಿದ್ದು ಅದೇ ಮೊದಲು.

"ಸುಳ್ಳ. ಇಲ್ನೋಡ್ರಿ, ಮಾಸ್ತರ ಹೆಸರೈತಿ."

ನೀಲಾಬಾಯಿ ಹುಡುಗಿಯ ಪಾಟಿ ಬಳಪ ತೆಗೆದುಕೊಂಡು ಅದೇ ಕರಡಿಯನ್ನು ಬರೆದಳು. ಅಲೀಮಾ ಪಾಟಿಯನ್ನೂ ಪುಸ್ತಕವನ್ನೂ ಮೂರು ಸಲ ನೋಡಿದಳು.

"ಮತ್ತ ಹೆಸರ್ಯಾಕ ಅವರದೈತಿ?"

ಒಳಗೆ ಶಂಕ್ರಪ್ಪ ಪೇಪರು ಓದುತ್ತಿದ್ದರು. ಅದನ್ನು ಮಡಚಿದ ಸಪ್ಪಳ ಹೊರಗೆ ಕೇಳಿತು. ಅವರೇ ಬಂದು ಹೇಳಲೆಂದು ನೀಲಾಬಾಯಿ ಕಾದಳು. ಅವರು ಹೊರಗೆ ಬರಲಿಲ್ಲ.