ಅಭ್ಯಾಸ ಹದಿನಾಲ್ಕು

ಭಾವನ ಕಿವಿಯ ಮೇಲಿನ ಪೆನ್ಸಿಲನ್ನು ಆಕೆಯ ತಮ್ಮ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ, ಮಲಗಿದ್ದವರಿಗೆ ನೋವಾದೀತು ಎಂಬಂತೆ. ಪೆನ್ಸಿಲ್ ಕೈಗೆ ಬಂತು. ಅದು ಕೂರುತ್ತಿದ್ದ ಜಾಗದಲ್ಲಿ ಸಣ್ಣದೊಂದು ತಗ್ಗು ಉಳಿಯಿತು.

"ಇದನ್ನ ಎಲ್ಲಿಡಲಿ ಅಕ್ಕ?"

"ಕಿಟಕಿ ಹತ್ರ ಇಡು. ಕಳೆದುಬಿಟ್ಟೀಯ, ಆಮೇಲೆ ಹುಡುಕ್ತಾರೆ," ಎಂದಳು ಆಕೆ. ಹುಡುಕುವವರೇ ಇನ್ನಿಲ್ಲ ಎಂಬುದು ಆಮೇಲೆ ಹೊಳೆಯಿತು.

ನಿನ್ನೆ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದಾಗ ಗಂಡ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದರು. ಮೂರು ಸಲ ಕರೆದಳು. ಮೂರು ಸಲ ಕರೆಸಿಕೊಳ್ಳುವುದು ಅವರಿಗೆ ರೂಢಿಯಾದ್ದರಿಂದ ಗಾಬರಿಯಾಗಲಿಲ್ಲ. ನಾಲ್ಕನೆಯ ಸಲ ಭುಜ ಮುಟ್ಟಿದಾಗ ಗೊತ್ತಾಯಿತು. ಮಂಚಕ್ಕೆ ಸಾಗಿಸಿದಾಗಲೂ, ಡಾಕ್ಟರು ಬಂದು ನೋಡಿ ಹೋದಾಗಲೂ ಪೆನ್ಸಿಲ್ ಇದ್ದಲ್ಲೇ ಇತ್ತು. ಅದು ಬೇರೆ ವಸ್ತು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರಬೇಕಿತ್ತು. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಲು ಜಾಗವಿರಲಿಲ್ಲ. ಗೋಡೆಯುದ್ದಕ್ಕೂ ಪುಸ್ತಕದ ಕಟ್ಟುಗಳು. ಎಲ್ಲ ಒಂದೇ ಪುಸ್ತಕ, ಒಂದೇ ನೀಲಿ ರಟ್ಟು. ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಪುಸ್ತಕ. ಗಂಡ ಬರೆದದ್ದು ಅದೊಂದೇ. ಅದನ್ನೇ ತಿದ್ದಿ ತಿದ್ದಿ ಹನ್ನೆರಡು ಸಲ ಅಚ್ಚು ಹಾಕಿಸಿದ್ದರು. ಪುಟಪುಟಕ್ಕೂ ಗೆರೆ ಎಳೆದ ಖಾಲಿ ಜಾಗ ಇರುತ್ತಿದ್ದುದರಿಂದ ಊರಿನ ಮಕ್ಕಳು ಅವರಿಗೆ ಬಿಟ್ಟ ಸ್ಥಳದ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮೇಷ್ಟ್ರಿಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಮಾತಿನ ನಡುವೆ ಜಾಗ ಬಿಡುವುದು ಅವರಿಗೆ ಪುಸ್ತಕದ ಆಚೆಗೂ ಅಭ್ಯಾಸವಾಗಿತ್ತು.

ಕಟ್ಟುಗಳನ್ನು ತಮ್ಮ ಒಳಗೆ ಸಾಗಿಸುತ್ತಿದ್ದಾಗ ನರ್ಸ್ ಬಂದಳು. ಪಾಳಿ ಮುಗಿಸಿ ನೇರ ಬಂದಿದ್ದಳು, ಬಿಳಿ ಬಟ್ಟೆಯಲ್ಲೇ ಇದ್ದಳು. ಇಪ್ಪತ್ತು ವರ್ಷದ ಹಿಂದೆ ಇದೇ ಕೋಣೆಯ ಚಾಪೆಯ ಮೇಲೆ ಕೂತು ಪಾಠ ಕಲಿತವಳು. ಮಂಚದ ಹತ್ತಿರ ಸ್ವಲ್ಪ ಹೊತ್ತು ನಿಂತು, ಆಮೇಲೆ ಏನೂ ತೋಚದೆ ತಾನೂ ಒಂದು ಕಟ್ಟು ಎತ್ತಿಕೊಂಡಳು.

"ನೀನು ಬಿಡಮ್ಮ, ಸುಸ್ತಾಗಿದೀಯ," ಎಂದಳು ಆಕೆ.

"ಇದೇನು ಭಾರ ಅಮ್ಮ. ಆಗ ಇದರ ಅಭ್ಯಾಸ ಇನ್ನೂ ಭಾರ ಇತ್ತು." ನರ್ಸ್ ನಕ್ಕಳು. "ತಡವಾಗಿ ಬರ್ಕೊಂಡು ಬಂದ್ರೆ, ಎಷ್ಟೇ ಸರಿಯಿದ್ರೂ ಅರ್ಧ ಮಾರ್ಕು. ಜ್ವರ ಬಂದಿತ್ತು ಸರ್ ಅಂದ್ರೆ, ಉತ್ತರಕ್ಕೇನು ಜ್ವರ ಬಂದಿರ್ಲಿಲ್ವಲ್ಲ ಅನ್ನೋರು."

"ಸೊನ್ನೆ ಹಾಕ್ತಿರಲಿಲ್ವಾ?" ಎಂದು ತಮ್ಮ ಕೇಳಿದ.

"ಯಾವತ್ತೂ ಇಲ್ಲ. ಸೊನ್ನೆ ಹಾಕಿದ್ರೆ ನಾಳೆಯಿಂದ ತರೋದನ್ನೇ ಬಿಡ್ತಾರೆ ಅನ್ನೋರು."

ಕಟ್ಟಿನ ದಾರ ಸಡಿಲಾಗಿ ಒಂದು ಪುಸ್ತಕ ಜಾರಿ ಬಿತ್ತು. ನರ್ಸ್ ಅದನ್ನೆತ್ತಿಕೊಂಡು ಹಾಳೆ ತಿರುವಿದಳು. "ಹದಿನಾಲ್ಕನೇ ಅಭ್ಯಾಸ. ಇವತ್ತಿಗೂ ಬಾಯಿಪಾಠ. ವಿದೌಟ್, ಆಫ್, ಫಾರ್. ಇವುಗಳ ಬೆನ್ನಿಗೆ ಕ್ರಿಯಾಪದ ಬಂದ್ರೆ ಐಎನ್‌ಜಿ ಅನ್ನೋ ಬಾಲ ಕಟ್ಕೊಂಡೇ ಬರಬೇಕು. ಹೀ ಬಂದ್ರೆ ಹಿಮ್ ಆಗ್ಬೇಕು, ಶೀ ಬಂದ್ರೆ ಹರ್ ಆಗ್ಬೇಕು. ಸಣ್ಣ ಮಾತಿನ ಮುಂದೆ ದೊಡ್ಡೋರೂ ತಲೆ ತಗ್ಗಿಸ್ಬೇಕು ಅನ್ನೋರು."

ಆಕೆಗೆ ಇದ್ಯಾವುದೂ ತಿಳಿಯುವಂಥದ್ದಲ್ಲ. ಆಕೆ ಓದಿದ್ದು ಕನ್ನಡ ನಾಲ್ಕನೆಯ ತರಗತಿ. ಈ ಪುಸ್ತಕದ ಧೂಳನ್ನು ಸಾವಿರ ಸಲ ಒರೆಸಿದ್ದಳು, ತೆರೆದು ನೋಡಿರಲಿಲ್ಲ. ಇದರ ಮೇಲೆ ಆಕೆಗೆ ಹಳೆಯ ಸಿಟ್ಟಿತ್ತು.

*

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಆಸ್ಪತ್ರೆಯಲ್ಲಿ ಆಕೆಯನ್ನು ಒಳಗೆ ಕರೆದೊಯ್ದಾಗ ಗಂಡ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಬಾಗಿಲು ಮುಚ್ಚುವವರೆಗೂ ಕಾಣುತ್ತಿದ್ದರು. ತಿಂಗಳು ತುಂಬುವ ಮುಂಚೆಯೇ ನೋವು ಬಂದಿತ್ತು, ಏನೂ ಹೇಳಲಾಗದು ಎಂದಿದ್ದರು ಡಾಕ್ಟರು.

ಮಗು ಹೆಣ್ಣು. ಎರಡು ಗಂಟೆ ಹತ್ತು ನಿಮಿಷ ಉಸಿರಾಡಿತು. ಅಷ್ಟು ಹೊತ್ತೂ ಆಕೆ ಕೇಳುತ್ತಲೇ ಇದ್ದಳು, ಅವರನ್ನ ಕರೀರಿ, ಒಂದ್ಸಲ ನೋಡ್ಲಿ. ಆಯಾ ಎರಡು ಸಲ ಹೋಗಿ ಬಂದು, "ಬೆಂಚು ಖಾಲಿ ಇದೆ ಕಣಮ್ಮ," ಎಂದಳು.

ಸಂಜೆ ಗಂಡ ಬಂದಾಗ ಮಗುವನ್ನು ಸುತ್ತಿ ಕಳಿಸಿಯಾಗಿತ್ತು. ಎಲ್ಲಿಗೆ ಹೋಗಿದ್ದಿರಿ ಎಂದು ಆಕೆ ಕೇಳಲಿಲ್ಲ, ಬೆರಳಿಗೆ ಹತ್ತಿದ ಅಚ್ಚುಕೂಟದ ಮಸಿಯೇ ಹೇಳುತ್ತಿತ್ತು. ಅವರೂ ಬಾಯಿ ಬಿಡಲಿಲ್ಲ. ಇವತ್ತು ಹೇಳಿಯಾರು, ನಾಳೆ ಹೇಳಿಯಾರು ಎಂದು ಆಕೆ ಕಾದಳು. ತಪ್ಪಾಯಿತು ಎನ್ನುವ ಒಂದೇ ಒಂದು ಮಾತು. ಬೇರೆ ಮಕ್ಕಳಾಗಲಿಲ್ಲ. ಊಟ ಬಡಿಸಿದಳು, ಬಟ್ಟೆ ಒಗೆದಳು, ಕಣ್ಣಿನ ಪೊರೆ ತೆಗೆಸಿದಾಗ ಕೈ ಹಿಡಿದು ನಡೆಸಿದಳು, ಕಾಯುತ್ತಲೇ ಇದ್ದಳು. ಕಾದೂ ಕಾದೂ ದಣಿವಾಗಿ, ಕೊನೆಗೆ ಯಾವುದಕ್ಕೆ ಕಾಯುತ್ತಿದ್ದೇನೆ ಎಂಬುದೂ ಆಗಾಗ ಮರೆತುಹೋಗುತ್ತಿತ್ತು.

*

ಮುದ್ರಣಾಲಯದ ಯಜಮಾನರು ಕೋಲೂರಿಕೊಂಡು ಬಂದರು. ಪುಸ್ತಕವನ್ನು ಹನ್ನೆರಡು ಸಲವೂ ಅಚ್ಚು ಹಾಕಿದವರು ಅವರೇ. ಎಂಬತ್ತು ದಾಟಿದ ಮುದುಕರಿಗೆ ಕೂರಲು ಜಾಗ ಮಾಡಿಕೊಟ್ಟ ತಮ್ಮ, ನರ್ಸಿನತ್ತ ತಿರುಗಿದ.

"ಅದೇನು ಬಾಯಿಪಾಠ, ಒಂಚೂರು ಹೇಳಮ್ಮ. ನಮ್ಮ ಭಾವ ಏನು ಬರೀತಿದ್ರೋ ಮನೇಲಿ ಯಾರಿಗೂ ಗೊತ್ತಿಲ್ಲ."

"ಹೀ ಲೆಫ್ಟ್ ವಿದೌಟ್ ಟೆಲ್ಲಿಂಗ್ ಹರ್," ಎಂದಳು ನರ್ಸ್ ಹಳೆಯ ರಾಗದಲ್ಲಿ.

"ಕನ್ನಡದಲ್ಲಿ ಹೇಳು ತಾಯಿ."

"ಅವಳಿಗೆ ಹೇಳದೇನೇ ಅವನು ಹೊರಟುಹೋದ."

ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದ ಆಕೆಯ ಕೈ ನಿಂತಿತು.

"ಎರಡನೇದು?" ಎಂದಳು.

"ಅವಳ ಪಕ್ಕದಲ್ಲಿ ಕೂರೋ ಬದಲು ಅವನು ಅಚ್ಚಿನ ಪ್ರೂಫ್ ನೋಡ್ತಾ ಇದ್ದ." ನರ್ಸ್ ಈಗ ಪುಸ್ತಕ ನೋಡಿ ಓದುತ್ತಿದ್ದಳು. "ತಡವಾಗಿ ಬಂದದ್ದಕ್ಕೆ ಅವಳು ಅವನನ್ನ ಬೈಲಿಲ್ಲ. ಮಗುವನ್ನ ನೋಡದೇ ಅವನು…" ಅಷ್ಟರಲ್ಲಿ ದನಿ ಇಳಿಯಿತು. ಆಸ್ಪತ್ರೆಯಲ್ಲಿ ಹದಿನೈದು ವರ್ಷ ದುಡಿದವಳಿಗೆ, ಹುಡುಗಿಯಾಗಿದ್ದಾಗ ಬರೀ ಉತ್ತರವಾಗಿದ್ದದ್ದು ಈಗ ಬೇರೇನೋ ಆಗಿ ಕಂಡಿತು. "ಅಮ್ಮ, ಇದು…"

"ಓದು."

"ಅವಳನ್ನ ಒಂಟಿಯಾಗಿ ಬಿಟ್ಟದ್ದಕ್ಕೆ ಅವನಿಗೆ ನಾಚಿಕೆ. ಕ್ಷಮಿಸು ಅಂತ ಅವಳನ್ನ ಕೇಳೋಕೆ ಅವನಿಗೆ ಭಯ."

ಯಜಮಾನರು ಕೋಲಿನ ಹಿಡಿಯನ್ನು ಉಜ್ಜುತ್ತಾ ಕೂತಿದ್ದರು.

"ಮೊದಲನೇ ಮುದ್ರಣದಲ್ಲಿ ಹದಿನಾಲ್ಕರಲ್ಲೂ ಬೆಕ್ಕೇ ಇತ್ತಮ್ಮ," ಎಂದರು ಕೊನೆಗೆ. "ಬೆಕ್ಕು ಹಾಲು ಕುಡಿಯೋದು, ಬೆಕ್ಕು ಓಡಿಹೋಗೋದು. ಎರಡನೇ ಮುದ್ರಣಕ್ಕೆ ಇದನ್ನ ಬರ್ಕೊಂಡು ಬಂದ್ರು. ಮಕ್ಕಳ ಪುಸ್ತಕಕ್ಕೆ ಈ ಅಳುಮುಂಜಿ ವಾಕ್ಯ ಯಾಕೆ ಮೇಷ್ಟ್ರೇ ಅಂದೆ. ಉಳಿದ ಹದಿಮೂರರಲ್ಲಿ ಬೆಕ್ಕು ಇದೆಯಲ್ಲ, ಇದೊಂದು ಇರಲಿ ಅಂದ್ರು. ಆಮೇಲೆ ಪುಸ್ತಕವೆಲ್ಲ ತಿದ್ದಿದ್ರೂ ಇದನ್ನ ಮುಟ್ಟೋಕೆ ಬಿಡಲಿಲ್ಲ." ಕೋಲನ್ನು ಪಕ್ಕಕ್ಕಿಟ್ಟು ಹೇಳಿದರು, "ಆವತ್ತು ಆಸ್ಪತ್ರೆಗೆ ಆಳು ಕಳಿಸಿ ಕರೆಸಿದ್ದು ನಾನೇ. ಅರ್ಧ ಗಂಟೆ ಸಾಕು ಅಂದಿದ್ದೆ. ನನಗೆ ಒಳಗಿನ ವಿಷಯ ಗೊತ್ತಿರಲಿಲ್ಲ ತಾಯಿ."

ಆಕೆಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಪ್ಪತ್ತೈದು ವರ್ಷದಿಂದ ಊರಿನ ಮಕ್ಕಳೆಲ್ಲ ಈ ಕೋಣೆಯಲ್ಲೇ ಕೂತು, ಪೆನ್ಸಿಲ್ ಕಚ್ಚುತ್ತಾ, ಈ ತಪ್ಪೊಪ್ಪಿಗೆಯನ್ನು ತುಂಬಿ ತುಂಬಿ ಕೊಟ್ಟಿದ್ದರು. ಅವಳು ಯಾರು, ಅವನು ಯಾರು ಎಂದು ಒಬ್ಬರೂ ಕೇಳಲಿಲ್ಲ. ಅವರಿಗೆಲ್ಲ ಕುಡಿಯಲು ನೀರು ಕೊಟ್ಟವಳು ಆಕೆ. ನಡುವೆ ಇದ್ದದ್ದು ಅಡಿಗೆಮನೆಯ ಒಂದು ಗೋಡೆ.

"ಊರಿಗೆಲ್ಲ ಹೇಳಿದಾರೆ," ಎಂದಳು. "ನನಗೊಬ್ಬಳಿಗೆ ಹೇಳಲಿಲ್ಲ."

"ಅಟ್ಟ ಮೇಲೆ ಒಲೆ ಉರೀತು ಅನ್ನೋ ಹಾಗಾಯ್ತು," ಎಂದ ತಮ್ಮ ನಿಟ್ಟುಸಿರಿಟ್ಟು. "ಹೋಗ್ಲಿ ಬಿಡಕ್ಕ. ಇನ್ನೇನು ಮಾಡೋಕಾಗುತ್ತೆ."

ಉಳಿದ ಚಹಾ ಬಗ್ಗಿಸಿ ಎಲ್ಲರಿಗೂ ಕೊಟ್ಟಳು. ಯಜಮಾನರ ಕೈ ನಡುಗುತ್ತಿದ್ದುದರಿಂದ ಅವರ ಲೋಟವನ್ನು ಅರ್ಧ ಮಾತ್ರ ತುಂಬಿಸಿದಳು. ಆಮೇಲೆ ಗೋಡೆಗೆ ಒರಗಿ ಕೂತಳು. ಕಣ್ಣೀರು ಆಗ ಬಂತು, ಹೆಚ್ಚೇನೂ ಅಲ್ಲ. ಅಷ್ಟು ವರ್ಷ ಹೊತ್ತ ಮೇಲೆ ಅಳುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಹನ್ನೊಂದೂ ಹತ್ತಕ್ಕೆ ಗಾಡಿ ಬಂತು. ನಾಲ್ವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಒಂದು ನಿಮಿಷ ತಡೀರಿ," ಎಂದು ಆಕೆ ಎದ್ದಳು. "ಆ ಪುಸ್ತಕ ಕೊಡಮ್ಮ. ಹದಿನಾಲ್ಕು ಯಾವ ಪುಟ ತೋರಿಸು."

ನರ್ಸ್ ಪುಟ ತೆರೆದು ಕೊಟ್ಟಳು. ಆಕೆ ಕಿಟಕಿಯ ಹತ್ತಿರ ಹೋಗಿ ಪೆನ್ಸಿಲ್ ತೆಗೆದುಕೊಂಡಳು. ಅರ್ಥವಾಗದ ಆ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು, ಓದಬಲ್ಲವರು ನೋಡುವಷ್ಟೇ ಹೊತ್ತು. ಆಮೇಲೆ, ತಡವಾಗಿ ಬಂದ ಹಾಳೆಗಳ ಮೇಲೆ ಗಂಡ ಹಾಕುವುದನ್ನು ನೋಡಿ ನೋಡಿ ಬಂದಿದ್ದ ಗುರುತನ್ನು ಪುಟದ ಮೂಲೆಯಲ್ಲಿ ನಿಧಾನವಾಗಿ ಬರೆದಳು. ಮೇಲೆ ಒಂದು, ನಡುವೆ ಗೆರೆ, ಕೆಳಗೆ ಎರಡು.

ಪುಸ್ತಕ ಮುಚ್ಚಿ ಗಂಡನ ಎದೆಯ ಮೇಲಿಟ್ಟಳು. ಪೆನ್ಸಿಲನ್ನು ಅವರ ಕಿವಿಯ ಹಿಂದಕ್ಕೆ ತಳ್ಳಿದಳು. ಅದು ಹೋಗಿ ತನ್ನ ತಗ್ಗಿನಲ್ಲಿ ಕೂತಿತು.

"ಈಗ ಎತ್ತಿ," ಎಂದಳು.